ಡಬ್ಲಿನ್ ಪಬ್ಬುಗಳಲ್ಲಿ ಐದು ಮಂದಿ ಗೆಳತಿಯರು

"ಡಬ್ಲಿನ್‌ನಲ್ಲಿ ನೋಡೋಕೆ ಏನಿದೆ ಮೇಡಂ? ಬರೀ ಪಬ್ ಅಲ್ವಾ?" ಅಂತ ಬ್ಯಾಂಕಿನಲ್ಲಿ ಪಕ್ಕದ ಸೀಟಿನವರು ಕೇಳಿದರು. ಹೌದು, ಪಬ್ ನೋಡೋಕೇ ಹೋಗ್ತಿದ್ದೇವೆ ಅಂದೆ. ಮನೆಯಲ್ಲೂ ಹಾಗೇ ಹೇಳಿದ್ದೆ. ಮುಚ್ಚಿಟ್ಟುಕೊಳ್ಳುವ ವಿಷಯ ಅದರಲ್ಲಿ ಏನೂ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಾವು ಐದು ಜನ, ಎಲ್ಲರೂ ನಲವತ್ತು ದಾಟಿದವರು. ಧಾರವಾಡದಲ್ಲಿ ಪಿಯುಸಿ ಓದುವಾಗ ಒಂದೇ ಹಾಸ್ಟೆಲ್‌ನಲ್ಲಿದ್ದೆವು. ಒಬ್ಬಳು ಈಗ ಹುಬ್ಬಳ್ಳಿಯಲ್ಲಿ ಹೆರಿಗೆ ಡಾಕ್ಟರ್. ಒಬ್ಬಳು ಗದಗಿನಲ್ಲಿ ಸಂಗೀತದ ಟೀಚರ್, ತಬಲಾ ನುಡಿಸುತ್ತಾಳೆ. ಒಬ್ಬಳು ಬಿಜಾಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುತ್ತಾಳೆ. ಅವಳು ಕುಡಿಯುವುದೂ ಇಲ್ಲ, ಮೊಟ್ಟೆ ಕೂಡ ಮುಟ್ಟುವುದಿಲ್ಲ. ಆದರೆ ಪ್ರವಾಸಕ್ಕೆ ಎಲ್ಲರಿಗಿಂತ ಮೊದಲು ಹ್ಞೂಂ ಅಂದವಳು ಅವಳೇ. ನಾಲ್ಕನೆಯವಳು ಮದುವೆಯಾದಾಗಿನಿಂದ ಡಬ್ಲಿನ್‌ನಲ್ಲೇ ಇದ್ದಾಳೆ. ಊರಿನ ಪಶ್ಚಿಮಕ್ಕಿರುವ ಲೂಕನ್‌ನಲ್ಲಿ ಮನೆ. ಅವಳ ಮನೆಯೇ ನಮ್ಮ ಛತ್ರ. ನಾನು ಬ್ಯಾಂಕಿನವಳು, ಹಾಗಾಗಿ ದುಡ್ಡಿನ ಚೀಲ ನನ್ನ ಕೈಗೆ ಬಂತು.

ಪಬ್ ಯಾಕೆ ಅನ್ನೋದಕ್ಕೆ ಒಂದು ಹಿನ್ನೆಲೆ ಇದೆ. ನಮ್ಮ ಕಡೆ ಬಾರ್ ಅಂಡ್ ರೆಸ್ಟೋರೆಂಟ್‌ಗಳಲ್ಲಿ ಊಟ ಚೆನ್ನಾಗಿರುತ್ತದೆ. ಆದರೆ ಹೆಂಗಸರು ಕಾಲಿಟ್ಟರೆ ಸಪ್ಲೈಯರ್ ಓಡಿ ಬಂದು "ಫ್ಯಾಮಿಲಿ ರೂಮ್ ಮೇಲಿದೆ ಅಕ್ಕಾ" ಅನ್ನುತ್ತಾನೆ. ಪಾಪ, ಅವನು ಮರ್ಯಾದೆಗೇ ಹೇಳುವುದು. ಕೆಳಗೆ ಕೂತರೆ ಎಲ್ಲರ ಕಣ್ಣು ನಮ್ಮ ಮೇಲೆ. ಇನ್ನು 2009ರ ಜನವರಿ 24ರಂದು ಮಂಗಳೂರಿನಲ್ಲಿ ಪಬ್ ಒಂದಕ್ಕೆ ನುಗ್ಗಿ ಹುಡುಗಿಯರನ್ನು ಹೊಡೆದು ಅಟ್ಟಾಡಿಸಿದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. 2018ರ ಮಾರ್ಚ್‌ನಲ್ಲಿ ಆರೋಪಿಗಳು ಖುಲಾಸೆಯಾದರು. ಆ ದಾಳಿ ಆದಾಗ ನಮ್ಮಲ್ಲಿ ಯಾರೂ ಪಬ್ಬಿನ ಮೆಟ್ಟಿಲು ಹತ್ತಿದವರಲ್ಲ. ಆದರೂ ಆ ಏಟು ನಮಗೂ ಬಿದ್ದ ಹಾಗೆ ಅನಿಸಿತ್ತು. ಒಂದು ಸಲವಾದರೂ ಹೆಂಗಸರಷ್ಟೇ ಸೇರಿ, ಯಾರ ಕಣ್ಣಿಗೂ ಹೆದರದೆ, ಒಂದು ಒಳ್ಳೆ ಪಬ್ಬಿನಲ್ಲಿ ಕಾಲು ಚಾಚಿ ಕೂರಬೇಕು ಅನ್ನೋ ಆಸೆ ನಮ್ಮಲ್ಲಿ ಉಳಿದುಕೊಂಡಿತ್ತು.

ವೀಸಾ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಐರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿದೆ, ದುಡ್ಡು ಯೂರೋ, ಆದರೆ ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ. ಬೇರೆ ವೀಸಾ ಬೇಕು. ಮೇ ತಿಂಗಳು ಒಳ್ಳೆಯದು. ಟೀಚರ್‌ಗೆ ಶಾಲೆ ರಜೆ, ಅಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ಮಳೆ ಮಾತ್ರ ಯಾವಾಗ ಬೇಕಾದರೂ ಬರುತ್ತದೆ. ಕೊಡೆಗಿಂತ ಟೊಪ್ಪಿಗೆ ಇರುವ ಜಾಕೆಟ್ ವಾಸಿ, ಗಾಳಿಗೆ ಕೊಡೆ ನಿಲ್ಲುವುದಿಲ್ಲ.

ಲೂಕನ್ ಗೆಳತಿ ಮೊದಲ ಸಂಜೆ ನಮ್ಮನ್ನು ಟೆಂಪಲ್ ಬಾರ್ ಬೀದಿಗೆ ಕರೆದುಕೊಂಡು ಹೋಗಲಿಲ್ಲ. ಫೋಟೋಗಳಲ್ಲಿ ಕಾಣುವ ಕೆಂಪು ಬಣ್ಣದ ಪಬ್ ಇರುವುದು ಅಲ್ಲೇ. "ಅಲ್ಲಿಗೆ ಆಮೇಲೆ ಹೋಗಿ ಫೋಟೋ ತಗೊಂಡ್ ಬರೋಣು. ಮೊದ್ಲ ನನ್ನ ಪಬ್ ನೋಡ್ರಿ" ಅಂದಳು. ಗ್ರಾಫ್ಟನ್ ಸ್ಟ್ರೀಟ್ ಪಕ್ಕದ ಸೌತ್ ಆ್ಯನ್ ಸ್ಟ್ರೀಟ್‌ನಲ್ಲಿ ಕೀಹೋಸ್ ಅಂತ ಒಂದು ಹಳೇ ಪಬ್. ಒಳಗೆಲ್ಲ ಕಂದು ಮರ. ಕೌಂಟರ್ ಹಿಂದೆ ಸಾಲು ಸಾಲು ಸಣ್ಣ ಡ್ರಾಯರ್‌ಗಳು. ಹಿಂದೆ ಐರ್ಲೆಂಡಿನ ಎಷ್ಟೋ ಪಬ್ಬುಗಳು ಕಿರಾಣಿ ಅಂಗಡಿಗಳೂ ಆಗಿದ್ದವು. ಒಂದು ಕಡೆ ಚಹಾಪುಡಿ, ಅಕ್ಕಿ, ಸಾಂಬಾರ ಪದಾರ್ಥ, ಇನ್ನೊಂದು ಕಡೆ ಬಿಯರು. ಬಿಜಾಪುರದವಳು ಆ ಡ್ರಾಯರ್‌ಗಳನ್ನು ಬಗ್ಗಿ ಬಗ್ಗಿ ನೋಡಿದಳು. ಅವಳ ಅಜ್ಜನ ಅಂಗಡಿಯಲ್ಲಿ ಬೀಜ ಇಡಲು ಇಂಥವೇ ಇದ್ದವಂತೆ.

ಬಾಗಿಲ ಪಕ್ಕದಲ್ಲೇ ಒಂದು ಪುಟ್ಟ ಕೋಣೆ. ಅದಕ್ಕೆ ಸ್ನಗ್ ಅನ್ನುತ್ತಾರೆ. ಐದು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಭರ್ತಿ. ಕೌಂಟರ್ ಕಡೆಗೆ ಒಂದು ಸಣ್ಣ ಕಿಂಡಿ, ಅದರಿಂದಲೇ ಗ್ಲಾಸು ಕೊಡುತ್ತಾರೆ. ನಮ್ಮ ಅದೃಷ್ಟಕ್ಕೆ ಆಗಷ್ಟೇ ಖಾಲಿಯಾಗಿತ್ತು. ಕೂತ ಮೇಲೆ ಗೆಳತಿ ಅದರ ಕಥೆ ಹೇಳಿದಳು. ಹಿಂದೆ ಹೆಂಗಸರು ಪಬ್ಬಿನ ಮುಖ್ಯ ಭಾಗದಲ್ಲಿ ಕೂರುವಂತಿರಲಿಲ್ಲ. ಕುಡಿಯಬೇಕು ಅಂದರೆ ಈ ಗೂಡಿನೊಳಗೆ, ಹೊರಗಿನವರಿಗೆ ಮುಖ ಕಾಣದ ಹಾಗೆ. ಡ್ಯೂಟಿ ಮೇಲಿನ ಪೊಲೀಸರು, ಪಾದ್ರಿಗಳು ಕೂಡ ಇಲ್ಲೇ ಬಂದು ಕೂರುತ್ತಿದ್ದರಂತೆ. "ಅಂದ್ರ ಇದು ಫ್ಯಾಮಿಲಿ ರೂಮ್ ಆತಲ್ಲ ಲೇ!" ಅಂದಳು ಡಾಕ್ಟರ್. ಎಲ್ಲರಿಗೂ ನಗು ಬಂತು. ಆದರೆ ಅವಳು ಹೇಳಿದ್ದು ಅಕ್ಷರಶಃ ನಿಜ. ಸಾವಿರಾರು ಮೈಲಿ ದೂರದ ಊರಲ್ಲಿ, ಬೇರೆ ಧರ್ಮದ ಜನ, ಬೇರೆ ಕಾಲದಲ್ಲಿ, ಹೆಂಗಸರಿಗೆ ಅಂತ ಮಾಡಿದ್ದು ಅದೇ ಒಂದು ಪರದೆ.

ಅಲ್ಲಿಂದ ಮುಂದೆ ಪ್ರವಾಸದ ದಾರಿ ತಾನಾಗಿ ತಿರುಗಿತು. ಹೋದ ಕಡೆಯಲ್ಲೆಲ್ಲ ನಾವು ಕೇಳುತ್ತಿದ್ದ ಪ್ರಶ್ನೆ ಒಂದೇ: ಇಲ್ಲಿ ಹೆಂಗಸರು ಎಲ್ಲಿ ಕೂರುತ್ತಿದ್ದರು?

ಮೊದಲು ಅಲ್ಲಿನ ಕಪ್ಪು ಬಿಯರು ಗಿನ್ನೆಸ್ ಬಗ್ಗೆ ಹೇಳಬೇಕು. ಪೈಂಟ್ ಅಂದರೆ 568 ಮಿಲಿ, ನಮ್ಮ ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಬಾರ್‌ನವರು ಗ್ಲಾಸನ್ನು ಓರೆಯಾಗಿ ಹಿಡಿದು ಮುಕ್ಕಾಲು ಭಾಗ ತುಂಬಿಸಿ, ಕೌಂಟರ್ ಮೇಲೆ ಇಟ್ಟು ಬೇರೆ ಕೆಲಸಕ್ಕೆ ಹೋಗಿಬಿಡುತ್ತಾರೆ. ಮರೆತರೇನೋ ಅನಿಸುತ್ತದೆ, ಮರೆತಿರುವುದಿಲ್ಲ. ಗ್ಲಾಸಿನೊಳಗೆ ಕಂದು ಮೋಡ ಎದ್ದಿರುತ್ತದೆ. ಹತ್ತಿರ ಹೋಗಿ ನೋಡಿದರೆ ಗಾಜಿನ ಅಂಚಿನಲ್ಲಿ ಗುಳ್ಳೆಗಳು ಮೇಲೆ ಹೋಗುವ ಬದಲು ಕೆಳಗೆ ಇಳಿಯುತ್ತವೆ! ನಡುವಿನ ಗುಳ್ಳೆಗಳು ರಭಸದಲ್ಲಿ ಮೇಲೇರುತ್ತವೆ, ಅವುಗಳ ಜೊತೆ ಮೇಲೆ ಹೋದ ದ್ರವ ಅಂಚಿನಲ್ಲಿ ವಾಪಸ್ ಕೆಳಗಿಳಿಯುವಾಗ ಸಣ್ಣ ಗುಳ್ಳೆಗಳನ್ನೂ ಎಳೆದುಕೊಂಡು ಬರುತ್ತದೆ. ಇದರಲ್ಲಿ ಇಂಗಾಲದ ಡೈಆಕ್ಸೈಡ್ ಜೊತೆ ನೈಟ್ರೋಜನ್ ಸೇರಿಸಿರುತ್ತಾರೆ, ಅದಕ್ಕೇ ಗುಳ್ಳೆ ಅಷ್ಟು ಸಣ್ಣದು, ನೊರೆ ಅಷ್ಟು ದಪ್ಪ. ಮೋಡ ತಿಳಿಯಾಗಿ ಕಪ್ಪಾದ ಮೇಲೆ ಉಳಿದ ಕಾಲು ಭಾಗ ತುಂಬಿಸುತ್ತಾರೆ. ಹೀಗೆ ಸುರಿಯೋಕೆ 119.5 ಸೆಕೆಂಡ್ ಬೇಕು ಅಂತ ಕಂಪನಿಯೇ ಹೇಳುತ್ತದೆ. "ಇಷ್ಟೊತ್ತು ಕಾಯೂದೇನ?" ಅಂದ ಟೀಚರ್, ಎರಡನೇ ಪಬ್ಬಿಗೆ ಬರುವಷ್ಟರಲ್ಲಿ ಮೊದಲೇ ಹೋಗಿ ಕೌಂಟರ್ ಮುಂದೆ ನಿಂತು ಆ ಮೋಡ ನೋಡುತ್ತಿದ್ದಳು.

ರುಚಿ ಹೇಗಿದೆ? ಸಕ್ಕರೆ ಹಾಕದ ಗಟ್ಟಿ ಕಾಫಿಯ ಕಹಿ, ಹುರಿದ ಬಾರ್ಲಿಯ ವಾಸನೆ, ಮೇಲೆ ಕೆನೆಯಂಥ ನೊರೆ. ಕಪ್ಪಗಿದೆ ಅಂತ ಸ್ಟ್ರಾಂಗ್ ಅಂದುಕೊಳ್ಳಬೇಡಿ, ಆಲ್ಕೋಹಾಲ್ ಶೇ. 4ಕ್ಕೆ ಸ್ವಲ್ಪ ಮೇಲೆ, ಅಷ್ಟೆ. ಆಲ್ಕೋಹಾಲ್ ಇಲ್ಲದ ಗಿನ್ನೆಸ್ ಜೀರೋ ಜೀರೋ ಕೂಡ ಬಹಳಷ್ಟು ಪಬ್ಬುಗಳಲ್ಲಿ ಸಿಗುತ್ತದೆ. ಬಿಜಾಪುರದವಳು ಅದನ್ನೇ ಹಿಡಿದು ಕೂತಳು. ಯಾರೂ ಒಂದು ಮಾತು ಅನ್ನಲಿಲ್ಲ, ಯಾರೂ "ಸ್ವಲ್ಪ ಕುಡೀರಿ" ಅಂತ ಒತ್ತಾಯ ಮಾಡಲಿಲ್ಲ. ನಮ್ಮ ಕಡೆಯ ಪಾರ್ಟಿಗಳಲ್ಲಿ ಕುಡಿಯದವರಿಗೆ ಕೊಡುವ ಕಾಟ ನೋಡಿದವಳು ನಾನು. ಆ ವಿಷಯದಲ್ಲಿ ಡಬ್ಲಿನ್ ನನಗೆ ತುಂಬಾ ಹಿಡಿಸಿತು.

ಈಗ ಹೆಂಗಸರ ವಿಷಯ. ಸ್ನಗ್‌ನಿಂದ ಹೊರಗೆ ಬಂದ ಮೇಲೂ ಎಷ್ಟೋ ಪಬ್ಬುಗಳಲ್ಲಿ ಹೆಂಗಸರಿಗೆ ಪೂರ್ತಿ ಪೈಂಟ್ ಕೊಡುತ್ತಿರಲಿಲ್ಲ. ಬೇಕಾದರೆ ಅರ್ಧ ಪೈಂಟ್ ತಗೊಳ್ಳಿ ಅನ್ನುತ್ತಿದ್ದರು. 1970ರ ದಶಕದಲ್ಲಿ ನೆಲ್ ಮೆಕ್‌ಕ್ಯಾಫರ್ಟಿ ಅನ್ನೋ ಪತ್ರಕರ್ತೆ ಸುಮಾರು 30 ಜನ ಹೆಂಗಸರನ್ನು ಕಟ್ಟಿಕೊಂಡು ಗ್ರಾಫ್ಟನ್ ಸ್ಟ್ರೀಟ್ ಹತ್ತಿರದ ಒಂದು ಪಬ್ಬಿಗೆ ಹೋದರು. ಎಲ್ಲರೂ ಬ್ರಾಂದಿ ಆರ್ಡರ್ ಮಾಡಿದರು. ಬ್ರಾಂದಿ ಬಂತು. ಆಮೇಲೆ ಒಂದೇ ಒಂದು ಪೈಂಟ್ ಕೇಳಿದರು. ಕೊಡಲ್ಲ ಅಂದರು. ಸರಿ, ಬ್ರಾಂದಿ ಕುಡಿದು ಮುಗಿಸಿ, ನೀವು ನಮಗೆ ಪೈಂಟ್ ಕೊಡದಿದ್ದರೆ ನಾವು ದುಡ್ಡು ಕೊಡಲ್ಲ ಅಂತ ಎದ್ದು ಹೊರಟೇಬಿಟ್ಟರು. ಈ ಕಥೆ ಕೇಳಿ ನಾನು ಕೂತಲ್ಲೇ ಚಪ್ಪಾಳೆ ತಟ್ಟಿದೆ. ಹೆಣ್ಣು ಅನ್ನೋ ಕಾರಣಕ್ಕೆ ಪಬ್ಬಿನಲ್ಲಿ ಸರ್ವ್ ಮಾಡದೇ ಇರುವುದು ಕಾನೂನಿಗೆ ವಿರುದ್ಧ ಅಂತ ಸ್ಪಷ್ಟವಾಗಿದ್ದು 2000ನೇ ಇಸವಿಯ ಕಾಯ್ದೆಯಿಂದ. ಮೊನ್ನೆ ಮೊನ್ನೆ ಅಂದ ಹಾಗೆ.

ಡಾಕ್ಟರ್‌ಗೆ ಇಷ್ಟವಾಗಿದ್ದು ಇನ್ನೊಂದು ಕಥೆ. ಐರ್ಲೆಂಡಿನಲ್ಲಿ 1935ರ ಕಾನೂನಿನ ಪ್ರಕಾರ ಗರ್ಭನಿರೋಧಕಗಳ ಮಾರಾಟ ನಿಷೇಧವಾಗಿತ್ತು. 1971ರ ಮೇ 22ರಂದು ನೆಲ್ ಇದ್ದ ಮಹಿಳಾ ಗುಂಪಿನವರು ಡಬ್ಲಿನ್‌ನಿಂದ ರೈಲು ಹತ್ತಿ ಬೆಲ್‌ಫಾಸ್ಟ್‌ಗೆ ಹೋದರು. ಅದು ಬ್ರಿಟನ್ನಿಗೆ ಸೇರಿದ ಊರು, ಅಲ್ಲಿ ಮಾರುತ್ತಿದ್ದರು. ಮಾತ್ರೆಗೆ ಡಾಕ್ಟರ ಚೀಟಿ ಬೇಕು ಅಂದಾಗ ಆಸ್ಪಿರಿನ್ ಮಾತ್ರೆ ಕೊಂಡು, ವಾಪಸ್ ಬಂದು ಡಬ್ಲಿನ್ ಸ್ಟೇಷನ್‌ನಲ್ಲಿ ಕಸ್ಟಮ್ಸ್‌ನವರ ಎದುರಿಗೆ ಅದನ್ನೇ ಗರ್ಭನಿರೋಧಕ ಮಾತ್ರೆ ಅನ್ನೋ ಹಾಗೆ ಎತ್ತಿ ಹಿಡಿದು ನುಂಗಿದರು. ಕಸ್ಟಮ್ಸ್‌ನವರು ಸುಮ್ನೆ ಬಿಟ್ಟರು. ಆಗಿನ ಇನ್ನೊಂದು ನಿಯಮ ನನ್ನಂಥವಳನ್ನೇ ಚುಚ್ಚುವಂಥದ್ದು. ಸರ್ಕಾರಿ ಕೆಲಸದಲ್ಲಿರುವ ಹೆಣ್ಣುಮಗಳು ಮದುವೆಯಾದರೆ ಕೆಲಸ ಬಿಡಬೇಕಿತ್ತು. ಅದು ಹೋಗಿದ್ದು 1973ರಲ್ಲಿ. ನನ್ನ ತಾಯಿ 1973ರಲ್ಲಿ ಮದುವೆಯಾದ ಮೇಲೂ ಅಂಚೆ ಕಚೇರಿ ಕೆಲಸಕ್ಕೆ ಹೋಗುತ್ತಿದ್ದಳು. ಯುರೋಪ್ ಎಲ್ಲದರಲ್ಲೂ ನಮಗಿಂತ ಮುಂದೆ ಅಂದುಕೊಂಡಿರುವವರು ಇದನ್ನು ತಿಳಿದುಕೊಳ್ಳಬೇಕು.

ಹಗಲೆಲ್ಲ ಊರು ನೋಡುವುದು, ಸಂಜೆ ಪಬ್ಬು. ಒಂದೇ ದಿನಕ್ಕೆ ಎಲ್ಲವನ್ನೂ ತುಂಬಿಸಲಿಲ್ಲ. ಗುಂಪಿನಲ್ಲಿ ಹೋದಾಗ ಒಂದು ದಿನಕ್ಕೆ ಒಂದೇ ದೊಡ್ಡ ಜಾಗ ಸಾಕು, ಇಲ್ಲದಿದ್ದರೆ ಸಂಜೆ ಹೊತ್ತಿಗೆ ಎಲ್ಲರ ಮೂಡೂ ಕೆಟ್ಟಿರುತ್ತದೆ.

ಟ್ರಿನಿಟಿ ಕಾಲೇಜಿನಲ್ಲಿ ಬುಕ್ ಆಫ್ ಕೆಲ್ಸ್ ನೋಡಿದೆವು. ಸುಮಾರು 1200 ವರ್ಷ ಹಳೆಯ ಬೈಬಲ್ ಹಸ್ತಪ್ರತಿ, ಕರುವಿನ ಚರ್ಮದ ಹಾಳೆಗಳು. ಅದರ ಪಕ್ಕ ಲಾಂಗ್ ರೂಮ್ ಅನ್ನೋ ಲೈಬ್ರರಿ, 65 ಮೀಟರ್ ಉದ್ದ. ನಾವು ಹೋದಾಗ ಕಟ್ಟಡದ ರಿಪೇರಿಗಾಗಿ ಪುಸ್ತಕಗಳನ್ನು ಕೆಳಗಿಳಿಸಿ ಬೇರೆಡೆ ಸಾಗಿಸಿದ್ದರು, ಹಾಗಾಗಿ ಕಪಾಟುಗಳು ಖಾಲಿ. ಕೆಲವರಿಗೆ ಬೇಜಾರಾಗಬಹುದು. ನನಗೆ ಆ ಖಾಲಿ ಮರದ ಕಮಾನುಗಳೇ ಚೆಂದ ಕಂಡವು. ಎರಡೂ ಕಡೆ ಅಮೃತಶಿಲೆಯ ಅರ್ಧಮೂರ್ತಿಗಳು, 40 ಜನ, ಎಲ್ಲರೂ ಗಂಡಸರು. 2023ರಲ್ಲಿ ಮೊದಲ ಸಲ ನಾಲ್ಕು ಹೆಂಗಸರ ಮೂರ್ತಿ ಇಟ್ಟರು. ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್, ಗಣಿತದ ಏಡಾ ಲವ್‌ಲೇಸ್, ನಾಟಕಕಾರ್ತಿ ಲೇಡಿ ಗ್ರೆಗರಿ, ಹೆಣ್ಣುಮಕ್ಕಳ ಹಕ್ಕಿಗಾಗಿ ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟ್. ನಾವು ಆ ನಾಲ್ವರ ಜೊತೆಗಷ್ಟೇ ಫೋಟೋ ತೆಗೆಸಿಕೊಂಡೆವು.

ಕಿಲ್‌ಮೇನಮ್ ಜೈಲಿಗೆ ಮಾತ್ರ ತಪ್ಪದೆ ಹೋಗಿ. ಗೈಡ್ ಜೊತೆಯಲ್ಲೇ ಒಳಗೆ ಬಿಡುವುದು, ಟಿಕೆಟ್ ಮೊದಲೇ ಮಾಡಿಸಿ. 1796ರಲ್ಲಿ ಶುರುವಾಗಿ 1924ರಲ್ಲಿ ಮುಚ್ಚಿದ ಜೈಲು. ಬ್ರಿಟಿಷರ ವಿರುದ್ಧ ನಡೆದ 1916ರ ಈಸ್ಟರ್ ದಂಗೆಯ ನಾಯಕರಲ್ಲಿ 14 ಜನರನ್ನು ಇಲ್ಲೇ ಅಂಗಳದಲ್ಲಿ ಗುಂಡಿಕ್ಕಿ ಕೊಂದರು. ಜೇಮ್ಸ್ ಕಾನೊಲಿಗೆ ಗಾಯವಾಗಿ ನಿಲ್ಲಲೂ ಆಗುತ್ತಿರಲಿಲ್ಲ, ಕುರ್ಚಿಗೆ ಕಟ್ಟಿ ಗುಂಡು ಹೊಡೆದರು. ಆ ಜಾಗದಲ್ಲಿ ಈಗ ಒಂದು ಕಪ್ಪು ಶಿಲುಬೆ ಇದೆ.

ನನ್ನ ಕಾಲು ಕದಲದ ಹಾಗೆ ಮಾಡಿದ್ದು ಗ್ರೇಸ್ ಗಿಫರ್ಡ್ ಕಥೆ. ಅವಳು ಮದುವೆಯಾಗಬೇಕಿದ್ದ ಜೋಸೆಫ್ ಪ್ಲಂಕೆಟ್ ಆ ದಂಗೆಯ ನಾಯಕರಲ್ಲೊಬ್ಬ. ಅವನಿಗೆ ಮರಣದಂಡನೆ ಆಗಿದೆ ಅಂತ ಗೊತ್ತಾದ ಕೂಡಲೇ ಅವಳು ಗ್ರಾಫ್ಟನ್ ಸ್ಟ್ರೀಟ್‌ಗೆ ಹೋಗಿ ಉಂಗುರ ಕೊಂಡಳು. 1916ರ ಮೇ 3ರ ರಾತ್ರಿ ಈ ಜೈಲಿನ ಚಾಪೆಲ್‌ನಲ್ಲಿ ಇಬ್ಬರ ಮದುವೆ ಆಯಿತು. ಸುತ್ತ ಸಿಪಾಯಿಗಳು. ಆಮೇಲೆ ಹತ್ತು ನಿಮಿಷ ಮಾತಾಡಲು ಬಿಟ್ಟರು. ಬೆಳಗಾಗುವ ಹೊತ್ತಿಗೆ ಅವನನ್ನು ಕೊಂದರು. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1923ರಲ್ಲಿ, ಅಂತರ್ಯುದ್ಧದ ಹೊತ್ತಲ್ಲಿ, ಅವಳನ್ನೇ ಈ ಜೈಲಿಗೆ ಹಾಕಿದರು. ಈ ಸಲ ಹಾಕಿದ್ದು ಬ್ರಿಟಿಷರಲ್ಲ, ಹೊಸ ಐರಿಷ್ ಸರ್ಕಾರ. ಅವಳು ಚಿತ್ರಗಾರ್ತಿ. ಸೆಲ್ಲಿನ ಗೋಡೆ ಮೇಲೆ ಮಗುವನ್ನೆತ್ತಿಕೊಂಡ ಮೇರಿಮಾತೆಯ ಚಿತ್ರ ಬರೆದಳು. ಬಾಗಿಲ ಕಿಂಡಿಯಲ್ಲಿ ಇಣುಕಿ ಆ ಚಿತ್ರ ನೋಡಬಹುದು. ಹೋರಾಟದಲ್ಲಿ ಇದ್ದ ಹೆಂಗಸರನ್ನು ಹುಡುಕಿಕೊಂಡು ಹೋದರೆ ಮ್ಯೂಸಿಯಂನ ಒಂದು ಮೂಲೆಯಲ್ಲಿ ಸಿಗುತ್ತಾರೆ. ಇಲ್ಲಿ ಹಾಗಲ್ಲ, ಗೋಡೆಯ ಮೇಲೇ ಇದ್ದಾರೆ.

ಟೀಚರ್ ಅಲ್ಲಿನ ಗೈಡ್‌ಗೆ ವಿ.ವಿ. ಗಿರಿಯವರ ವಿಷಯ ಹೇಳಿದಳು. ಗಿರಿಯವರು 1913ರಲ್ಲಿ ಕಾನೂನು ಓದಲು ಡಬ್ಲಿನ್‌ಗೆ ಬಂದವರು. ಇಲ್ಲಿನ ಹೋರಾಟಗಾರರ ಒಡನಾಟ ಬೆಳೆದು, 1916ರಲ್ಲಿ ದೇಶ ಬಿಡಬೇಕಾಯಿತು. ಮುಂದೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದರು, ಆಮೇಲೆ ರಾಷ್ಟ್ರಪತಿಯಾದರು. ಗೈಡ್ ಹುಡುಗ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ.

ದುಡ್ಡಿನ ಲೆಕ್ಕ ಹೇಳದಿದ್ದರೆ ಬ್ಯಾಂಕಿನವಳಾಗಿ ಏನು ಪ್ರಯೋಜನ? ಅಲ್ಲಿ ರೌಂಡ್ ಪದ್ಧತಿ. ಒಬ್ಬರು ಎಲ್ಲರಿಗೂ ಕೊಳ್ಳಬೇಕು, ಮುಂದಿನ ಸಲ ಇನ್ನೊಬ್ಬರು. ಇದರಲ್ಲಿ ಎರಡು ತೊಂದರೆ. ಐದು ಜನ ಇದ್ದರೆ ಐದು ರೌಂಡ್ ಮುಗಿಯುವ ತನಕ ಯಾರಿಗೂ ಏಳಲು ಮನಸ್ಸು ಬರುವುದಿಲ್ಲ, ಅಷ್ಟು ಕುಡಿಯುವ ತಾಕತ್ತು ನಮಗಿಲ್ಲ. ಎರಡನೆಯದು, ಜೀರೋ ಜೀರೋ ಕುಡಿಯುವವಳು ಎಲ್ಲರ ವಿಸ್ಕಿಗೂ ದುಡ್ಡು ಕೊಡಬೇಕು. ಅದಕ್ಕೇ ನಾನು ಒಂದು ಚೀಲ ಮಾಡಿದೆ. ದಿನಾ ಬೆಳಿಗ್ಗೆ ಎಲ್ಲರೂ ಸಮನಾಗಿ ಯೂರೋ ಹಾಕಬೇಕು, ಕುಡಿಯದವಳು ಅರ್ಧ. ಊಟ, ಟ್ರಾಮ್, ಪಬ್ಬು ಎಲ್ಲ ಅದರಿಂದಲೇ. ಚೀಲ ಖಾಲಿಯಾದರೆ ಮನೆಗೆ. ಇಡೀ ಪ್ರವಾಸದಲ್ಲಿ ದುಡ್ಡಿಗಾಗಿ ಒಂದು ಮಾತು ಬರಲಿಲ್ಲ. ಗುಂಪಿನಲ್ಲಿ ಹೋಗುವ ಎಲ್ಲರಿಗೂ ನಾನು ಹೇಳುವುದು ಇದನ್ನೇ. ನಾವು ಹೋದಾಗ ಒಂದು ಪೈಂಟ್ ಸುಮಾರು 6 ಯೂರೋ ಇತ್ತು, ಟೆಂಪಲ್ ಬಾರ್‌ನಲ್ಲಿ ಅದಕ್ಕಿಂತ ಬಹಳ ಜಾಸ್ತಿ. ಟೆಂಪಲ್ ಬಾರ್‌ಗೂ ಒಂದು ಸಂಜೆ ಹೋದೆವು. ಗದ್ದಲ, ನೂಕುನುಗ್ಗಲು, ಫೋಟೋ ಚೆನ್ನಾಗಿ ಬಂತು. ಅಷ್ಟು ಸಾಕು.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಚೀಸ್-ಈರುಳ್ಳಿ ಹಾಕಿ ಸುಟ್ಟ ಸ್ಯಾಂಡ್‌ವಿಚ್‌ಗೆ ಟೋಸ್ಟಿ ಅನ್ನುತ್ತಾರೆ. ಸೂಪಿನ ಜೊತೆ ಕೊಡುವ ಕಂದು ಸೋಡಾ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿಂದರೆ ನಮ್ಮ ಜೋಳದ ರೊಟ್ಟಿ ಮೇಲೆ ಬೆಣ್ಣೆ ಇಟ್ಟ ಹಾಗೇ ಒಂದು ತೃಪ್ತಿ. ಸೂಪಿಗೆ ಕೋಳಿ ಸಾರು ಹಾಕಿದ್ದಾರಾ ಅಂತ ಕೇಳಿ ತಗೊಳ್ಳಿ. ಟೇಟೋ ಚಿಪ್ಸ್ ಪ್ಯಾಕೆಟ್ ಅಂತೂ ಎಲ್ಲಾ ಪಬ್ಬಿನಲ್ಲೂ ಇದೆ.

ಒಂದು ಮಧ್ಯಾಹ್ನ ಗ್ಲಾಸ್ನೆವಿನ್ ಸ್ಮಶಾನಕ್ಕೆ ಹೋದೆವು. ಪ್ರವಾಸದಲ್ಲಿ ಸ್ಮಶಾನ ಯಾಕೆ ಅಂತ ಬಿಜಾಪುರದವಳು ಮೊದಲು ತಕರಾರು ತೆಗೆದಳು. 1832ರಿಂದ ಇಲ್ಲಿ ಸುಮಾರು 15 ಲಕ್ಷ ಜನರನ್ನು ಮಣ್ಣು ಮಾಡಿದ್ದಾರೆ. ನಾವು ಹುಡುಕಿಕೊಂಡು ಹೋಗಿದ್ದು ಕನಾಟ್ ರೇಂಜರ್ಸ್ ಸ್ಮಾರಕವನ್ನು. 1920ರಲ್ಲಿ ಬ್ರಿಟಿಷ್ ಸೈನ್ಯದ ಈ ದಳದ ಐರಿಷ್ ಸಿಪಾಯಿಗಳು ನಮ್ಮ ಪಂಜಾಬಿನ ಜಲಂಧರ್‌ನಲ್ಲಿ ದಂಗೆಯೆದ್ದರು. ತಮ್ಮ ಊರಲ್ಲಿ ಬ್ರಿಟಿಷ್ ಪಡೆ ಜನರನ್ನು ಹಿಂಸಿಸುತ್ತಿದೆ ಅಂತ ಗೊತ್ತಾಗಿ, ಇನ್ನು ಮುಂದೆ ನಿಮ್ಮ ಕೆಲಸ ಮಾಡಲ್ಲ ಅಂದರು. ಜೇಮ್ಸ್ ಡೇಲಿ ಅನ್ನೋ ಹುಡುಗನಿಗೆ ಆ ನವೆಂಬರ್ 2ರಂದು ದಗ್ಶಾಯಿ ಜೈಲಿನಲ್ಲಿ ಗುಂಡಿಕ್ಕಿದರು. ಅವನ ಅವಶೇಷ ಊರಿಗೆ ಬಂದಿದ್ದು 1970ರಲ್ಲಿ. ಜಲಿಯನ್‌ವಾಲಾ ಬಾಗ್ ನಡೆದ ಮರುವರ್ಷದ ಮಾತಿದು, ಅದೇ ಪಂಜಾಬಿನಲ್ಲಿ. ನಮ್ಮ ಶಾಲೆಯ ಪಾಠದಲ್ಲಿ ಇದು ಇರಲಿಲ್ಲ. ಇರಬೇಕಿತ್ತು.

ಸ್ಮಶಾನದ ಹಳೇ ಗೇಟಿಗೆ ಅಂಟಿಕೊಂಡೇ ಜಾನ್ ಕವನಾಸ್ ಪಬ್. 1833ರದ್ದು. ಗುಂಡಿ ತೋಡುವವರು ಕೆಲಸ ಮುಗಿಸಿ ಇಲ್ಲೇ ಬರುತ್ತಿದ್ದರಿಂದ ಜನ ಇದನ್ನು ಗ್ರೇವ್‌ಡಿಗರ್ಸ್ ಅಂತಲೇ ಕರೆಯುತ್ತಾರೆ. ಟಿವಿ ಇಲ್ಲ, ಸಂಗೀತ ಇಲ್ಲ, ಹಾಡುವ ಹಾಗೂ ಇಲ್ಲ. ಮಾತು ಮಾತ್ರ. ನನ್ನ ಮಟ್ಟಿಗೆ ಡಬ್ಲಿನ್‌ನ ಅತಿ ಒಳ್ಳೆ ಪಬ್ ಇದೇ. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ ಒಬ್ಬರೇ ಕೂತು ಪೈಂಟ್ ಕುಡಿಯುತ್ತಾ ಪೇಪರ್ ಓದುತ್ತಿದ್ದರು. ಗಂಡನ ಸಮಾಧಿಗೆ ಹೂವಿಟ್ಟು ಬಂದವರು. ತಾವು ಚಿಕ್ಕವರಿದ್ದಾಗ ತಮ್ಮ ತಾಯಿ ಪಬ್ಬಿನ ಹೊರಗೆ ನಿಂತು ಅಪ್ಪನಿಗೆ ಹೇಳಿ ಕಳಿಸುತ್ತಿದ್ದರಂತೆ, ಒಳಗೆ ಬರುತ್ತಿರಲಿಲ್ಲವಂತೆ. ನಾವು ಐದು ಜನ ಹೆಂಗಸರೇ ಬಂದಿದ್ದೇವೆ ಅಂತ ಕೇಳಿ ಅವರಿಗೆ ಖುಷಿಯೋ ಖುಷಿ. ಬಿಜಾಪುರದವಳ ಕೈ ಹಿಡಿದು ನಿಮ್ಮ ಅಂಗಡಿಯಲ್ಲಿ ಗುಲಾಬಿ ಗಿಡಕ್ಕೆ ಏನು ಗೊಬ್ಬರ ಕೊಡುತ್ತೀರಿ ಅಂತ ಕೇಳಿದರು. ಅರ್ಧ ಗಂಟೆ ಅದೇ ಮಾತು. ಅಲ್ಲಿಂದ ಏಳುವಾಗ ಸ್ಮಶಾನದ ತಕರಾರು ಅವಳಿಗೆ ನೆನಪೂ ಇರಲಿಲ್ಲ.

ಇನ್ನು ಪೋರ್ಟೊಬೆಲ್ಲೊ. ಇದು ಕಾಲುವೆ ಪಕ್ಕದ ಬಡಾವಣೆ. ಇಲ್ಲಿಗೆ ಹೋಗಲೇಬೇಕು ಅಂತ ಡಾಕ್ಟರ್ ಹುಬ್ಬಳ್ಳಿಯಿಂದಲೇ ಹೇಳಿಕೊಂಡು ಬಂದಿದ್ದಳು. ಸೌತ್ ರಿಚ್ಮಂಡ್ ಸ್ಟ್ರೀಟ್‌ನಲ್ಲಿ ಬರ್ನಾರ್ಡ್ ಶಾ ಅನ್ನೋ ಪಬ್ ಇತ್ತು, 2019ರಲ್ಲಿ ಅಲ್ಲಿಂದ ಬೇರೆಡೆ ಹೋಯಿತು. 2018ರ ಮೇ ತಿಂಗಳಲ್ಲಿ ಆ ಪಬ್ಬಿನ ಪಕ್ಕದ ಗೋಡೆಯ ಮೇಲೆ ನಮ್ಮ ಬೆಳಗಾವಿಯ ಹುಡುಗಿಯ ಮುಖ ಬರೆದಿದ್ದರು. ಸವಿತಾ ಹಾಲಪ್ಪನವರ್. ದಂತ ವೈದ್ಯೆ. ಗಾಲ್ವೇ ಊರಲ್ಲಿದ್ದಳು, ಅಲ್ಲಿನ ಮಕ್ಕಳಿಗೆ ನಮ್ಮ ಕಡೆಯ ಡಾನ್ಸ್ ಕಲಿಸುತ್ತಿದ್ದಳು. 2012ರ ಅಕ್ಟೋಬರ್‌ನಲ್ಲಿ 17 ವಾರದ ಗರ್ಭ ಉಳಿಯುವುದಿಲ್ಲ ಅಂತ ಖಚಿತವಾದ ಮೇಲೂ, ಭ್ರೂಣದ ಹೃದಯ ಬಡಿತ ಇದೆ ಅನ್ನೋ ಕಾರಣಕ್ಕೆ ಅವಳು ಕೇಳಿದ ಗರ್ಭಪಾತ ಮಾಡಲಿಲ್ಲ. ನಂಜೇರಿ 28ರಂದು ತೀರಿಕೊಂಡಳು. 31 ವರ್ಷ. ಗರ್ಭಪಾತ ತಡೆಯಲು 1983ರಲ್ಲಿ ಸಂವಿಧಾನಕ್ಕೆ ಸೇರಿಸಿದ ಎಂಟನೇ ತಿದ್ದುಪಡಿ ಇಡೀ ದೇಶದ ಡಾಕ್ಟರ್‌ಗಳ ಕೈ ಕಟ್ಟಿತ್ತು. 2018ರ ಮೇ 25ರ ಜನಮತದಲ್ಲಿ ಶೇ. 66.4 ಜನ ಅದನ್ನು ಕಿತ್ತುಹಾಕಿದರು. ಮತ ಹಾಕಿ ಬಂದವರು ಸವಿತಾಳ ಚಿತ್ರದ ಸುತ್ತ ಚೀಟಿ ಅಂಟಿಸಿ ಹೋದರು, ಕ್ಷಮಿಸು ಅಂತ, ಇನ್ನು ಹೀಗಾಗಲು ಬಿಡಲ್ಲ ಅಂತ. ಆ ಚೀಟಿಗಳನ್ನು ನಗರದ ಲೈಬ್ರರಿಯವರು ಜೋಪಾನವಾಗಿ ತೆಗೆದಿಟ್ಟಿದ್ದಾರೆ.

ಈಗ ಗೋಡೆಯಲ್ಲಿ ಆ ಚಿತ್ರ ಇಲ್ಲ. ಇಲ್ಲ ಅಂತ ಗೊತ್ತಿದ್ದೇ ಹೋಗಿದ್ದೆವು. ಡಾಕ್ಟರ್ ರಸ್ತೆಯಲ್ಲೇ ನಿಂತು, ತಡೆಯದೆ, ಹತ್ತು ನಿಮಿಷ ಮಾತಾಡಿದಳು. ಇಂಥ ಕೇಸಿನಲ್ಲಿ ನಂಜು ಎಷ್ಟು ಬೇಗ ಏರುತ್ತದೆ, ಯಾವ ಹೊತ್ತಿನಲ್ಲಿ ಗರ್ಭ ತೆಗೆದಿದ್ದರೆ ಉಳಿಯಬಹುದಿತ್ತು, ತನ್ನ ಬಳಿ ಬರುವ ಹೆಣ್ಣುಮಕ್ಕಳಿಗೆ ತಾನು ಏನು ಮಾಡುತ್ತೇನೆ. ಅವಳ ಕೆಲಸದ ಬಗ್ಗೆ ಅವಳು ಅಷ್ಟು ಬಿಡಿಸಿ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆಮೇಲೆ ಹತ್ತಿರದ ಒಂದು ಪಬ್ಬಿಗೆ ಹೋಗಿ ಕೂತೆವು. ಲೂಕನ್ ಗೆಳತಿ ಆ ಜನಮತದಲ್ಲಿ ತಾನೂ ಮತ ಹಾಕಿದ್ದನ್ನು ಹೇಳಿದಳು. ಅಷ್ಟೊತ್ತಿಗೆ ಅವಳಿಗೆ ಐರಿಷ್ ಪೌರತ್ವ ಸಿಕ್ಕಿತ್ತು, ಅವಳ ಮೊದಲ ಮತವೇ ಅದು.

ಕೊನೆಯ ರಾತ್ರಿ ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್‌ಗೆ ಹೋದೆವು. 2021ರಲ್ಲಿ ಈ ಪಬ್ಬಿನ ಜಾಗದಲ್ಲಿ ದೊಡ್ಡ ಹೋಟೆಲ್ ಕಟ್ಟುವ ಯೋಜನೆ ಬಂದಾಗ ಜನ ಬೀದಿಗಿಳಿದು ನುಡಿಸುತ್ತಾ ಮೆರವಣಿಗೆ ಮಾಡಿದರು, ನಗರಸಭೆ ಅನುಮತಿ ಕೊಡಲಿಲ್ಲ. ಇಲ್ಲಿ ವೇದಿಕೆ ಮುಂದೆ ಕೂರುವುದಲ್ಲ. ಬಾಗಿಲ ಪಕ್ಕದ ಮೂಲೆಯಲ್ಲಿ ವಾದಕರು ಮುಖಕ್ಕೆ ಮುಖ ಮಾಡಿ ಕೂರುತ್ತಾರೆ, ಪಿಟೀಲು, ತಗಡಿನ ಕೊಳಲು, ಮೊಣಕೈಯಲ್ಲಿ ಗಾಳಿ ಒತ್ತುವ ಇಲಿನ್ ಪೈಪ್ಸ್. ಒಂದು ಟ್ಯೂನ್ ಮುಗಿಯದೇ ಇನ್ನೊಂದಕ್ಕೆ ಜಾರುತ್ತಾರೆ. ಯಾರಾದರೂ ಹಾಡಲು ಶುರು ಮಾಡಿದರೆ ಇಡೀ ಪಬ್ಬು ಸ್ತಬ್ಧ.

ಟೀಚರ್ ಕಣ್ಣು ಬೌರಾನ್ ನುಡಿಸುತ್ತಿದ್ದ ಹುಡುಗಿಯ ಮೇಲೆ. ಬೌರಾನ್ ಅಂದರೆ ಒಂದೇ ಮುಖದ ತಮಟೆ, ಆಡಿನ ಚರ್ಮ. ಬಲಗೈಯಲ್ಲಿ ಎರಡೂ ತುದಿಯಿಂದ ಬಡಿಯುವ ಪುಟ್ಟ ಕೋಲು. ಆದರೆ ನಿಜವಾದ ಕೆಲಸ ಎಡಗೈದು. ಅದು ಚರ್ಮದ ಹಿಂದೆ ಇರುತ್ತದೆ. ಅಂಗೈ ಒತ್ತಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. "ತಬಲಾದಾಗ ಎಡಗೈ ಡಗ್ಗಾದ ಮ್ಯಾಲೆ ಮಣಿಕಟ್ಟು ಒತ್ತಿ, ಸ್ವರ ಜಾರಿಸಿ ಮೀಂಡ್ ತಗೀತೀವಲ್ಲ, ಅದನ್ನ ಈಕಿ ಒಳಗಿಂದ ಮಾಡ್ಲಿಕತ್ತಾಳ" ಅಂದಳು. ವಿರಾಮದಲ್ಲಿ ಆ ಹುಡುಗಿ ಬಳಿ ಹೋಗಿ ಮಾತಾಡಿಸಿದಳು. ಹುಡುಗಿ ಬೌರಾನ್ ಕೊಟ್ಟು ಪಕ್ಕದಲ್ಲಿ ಜಾಗ ಮಾಡಿದಳು. ಟೀಚರ್ ಕೋಲು ಬದಿಗಿಟ್ಟು ಬೆರಳಲ್ಲೇ ಚರ್ಮ ತಟ್ಟಿ ನೋಡಿದಳು, ಕಿವಿ ಹತ್ತಿರ ಹಿಡಿದಳು, ಹುಡುಗಿ ಬಾಟಲಿಯಿಂದ ಒಂದೆರಡು ಹನಿ ನೀರು ಚರ್ಮಕ್ಕೆ ಸವರಿ ಮತ್ತೆ ಕೊಟ್ಟಳು. ಬಿಗಿಯಾದ ಚರ್ಮ ಸ್ವಲ್ಪ ಸಡಿಲವಾಗಿ ದನಿ ಆಳಕ್ಕಿಳಿಯಿತು. ನಮ್ಮ ಟೀಚರ್ ಮಕ್ಕಳಿಗೆ ಪಾಠ ಹೇಳಿ ಹೇಳಿ ದಣಿದಿದ್ದವಳು, ಅವತ್ತು ಶಿಷ್ಯೆಯಾಗಿ ಕೂತಿದ್ದಳು. ಬಾಗಿಲು ಹಾಕುವ ಹೊತ್ತಾಗಿ, ದೀಪ ಆರಿಸಿ ಹಚ್ಚಿ ಸೂಚನೆ ಕೊಡುವ ತನಕ ಅವಳನ್ನು ಎಬ್ಬಿಸಲು ಆಗಲಿಲ್ಲ.

ಮುಂದಿನ ಸಲ ಗಾಲ್ವೇ ಅಂತ ಡಾಕ್ಟರ್ ಈಗಾಗಲೇ ತೀರ್ಮಾನ ಮಾಡಿದ್ದಾಳೆ. ನಾನು ಎಲ್ಲರ ಹೆಸರಲ್ಲಿ ಆರ್‌ಡಿ ಖಾತೆ ತೆರೆಸಿದ್ದೇನೆ, ತಿಂಗಳ ಐದನೇ ತಾರೀಖಿನೊಳಗೆ ದುಡ್ಡು ಬೀಳಬೇಕು. ಹೊಸದಾಗಿ ಇಬ್ಬರು ಸೇರಿದ್ದಾರೆ. ಒಬ್ಬಳು ನನ್ನ ತಂಗಿ. ಇನ್ನೊಬ್ಬರು ಬಿಜಾಪುರದವಳ ಅತ್ತೆ. ಅವರು ನನಗೆ ನೇರವಾಗಿ ಫೋನ್ ಮಾಡಿ ಎರಡು ವಿಷಯ ಕೇಳಿದರು: ಅಲ್ಲಿ ಸೀರೆಯ ಮೇಲೆ ಸ್ವೆಟರ್ ಸಾಕಾ, ಮತ್ತೆ ಆ ಗುಳ್ಳೆ ಕೆಳಗಿಳಿಯುವುದು ಜೀರೋ ಜೀರೋದಲ್ಲೂ ಕಾಣುತ್ತಾ? ಸ್ವೆಟರ್ ಸಾಲದು, ದಪ್ಪ ಜಾಕೆಟ್ ಬೇಕು ಅಂದೆ. ಗುಳ್ಳೆ ಮಾತ್ರ ಚೆನ್ನಾಗಿ ಕಾಣುತ್ತದೆ, ನಿಮ್ಮ ಸೊಸೆಯ ಗ್ಲಾಸಿನಲ್ಲೇ ನೋಡಿದ್ದೇನೆ ಅಂದೆ.